ಸಾಲ್ಮೊನೆಲ್ಲಾ ಕುಲದ ದಾಯಾದಿ ಸ್ಪರ್ಧೆ: ಒಂದು ಕಾರಣವಿಚಾರ

ಆಹಾರದ ಮೂಲಕ ಮನುಷ್ಯದೇಹವನ್ನು ಹೊಗುವ ರೋಗಾಣುಗಳಲ್ಲಿ ಸಾಲ್ಮೊನೆಲ್ಲಾ ಎಂಬ ಕುಲವು ಸುಪ್ರಸಿದ್ಧವಾದುದು. ಆ ಕುಲದ ಎಂಟೆರಿಟಿಡಿಸ್ ಎಂಬ ಪ್ರಭೇದವು ೧೮೮೮ರಲ್ಲಿಯೇ ವೈದ್ಯರಿಗೆ ಪರಿಚಿತವಾಗಿತ್ತು. ಆದರೂ ಸುಮಾರು ತೊಂಬತ್ತು ವರ್ಷಗಳ ಕಾಲ ಅದು ಹಲವರಲ್ಲಿ ಒಂದಾಗಿ, ಅಪ್ರಧಾನವಾಗಿಯೇ ಉಳಿದಿತ್ತು. ಆಮೇಲೆ ೧೯೭೦ರ ದಶಕದ ಉತ್ತರಾರ್ಧದಿಂದ ಮೊದಲ್ಗೊಂಡು ಇಪ್ಪತ್ತು ವರ್ಷಗಳೊಳಗೆ ಅದೇ ಪ್ರಭೇದವು ಅಮೆರಿಕ ಮತ್ತು ಪಶ್ಚಿಮ ಯೂರೋಪುಗಳಲ್ಲಿ ಕೋಳಿಮೊಟ್ಟೆಯನ್ನು ತನ್ನ ವಾಹನವನ್ನಾಗಿ ಮಾಡಿಕೊಂಡು ಅಗ್ರಸ್ಥಾನಕ್ಕೇರಿತು. ಅಮೆರಿಕದಲ್ಲಿ ೧೯೭೬ರಲ್ಲಿ ರೋಗಿಗಳಿಂದ ಸಂಗ್ರಹಿಸಿದ ಸಾಲ್ಮೊನೆಲ್ಲಾಗಳ ಪೈಕಿ ನೂರಕ್ಕೆ ೫ರಷ್ಟು ಮಾತ್ರ ಎಂಟೆರಿಟಿಡಿಸ್ ಆಗಿದ್ದರೆ, ೧೯೯೪ರಲ್ಲಿ ಆ ಪ್ರಮಾಣವು ನೂರಕ್ಕೆ ೨೬ಕ್ಕೆ ಏರಿತ್ತು. ರೋಗಾಣು ಹಳೆಯದು, ಕೋಳಿಯೂ ಹಳೆಯದು, ಮೊಟ್ಟೆ ತಿನ್ನುವ ಪದ್ಧತಿಯಂತೂ ಅತಿ ಪ್ರಾಚೀನವಾದುದು. ಹೀಗಿರುವಲ್ಲಿ ಈ ಅಭ್ಯುದಯವು ಆ ಕಾಲದಲ್ಲಿಯೇ ಏಕೆ ಸಂಭವಿಸಿತು?

ಈ ಪ್ರಶ್ನೆಗೆ ೨೦೦೦ದಲ್ಲಿ ಒಂದು ಉತ್ತರ ಹೊರಟಿತು. ಎಂಟೆರಿಟಿಡಿಸ್ಸಿಗೆ ಹತ್ತಿರದ ದಾಯಾದಿಯಾದ ಮತ್ತೊಂದು ಪ್ರಭೇದವನ್ನು ಮನುಷ್ಯರು ಬುದ್ಧಿಪೂರ್ವಕವಾಗಿ ನಿರ್ಮೂಲ ಮಾಡಿದರು; ಹಾಗೆ ತೆರವಾದ ಮನೆಯನ್ನು ಇದು ಹೊಕ್ಕಿತು ಎಂಬುದು ಆ ಉತ್ತರದ ಸಾರ. ಒಂದು ವಸ್ತುವಿನ ಇಲ್ಲದಿರುವಿಕೆಯೇ ಇನ್ನೊಂದು ಕಾರ್ಯಕ್ಕೆ ಕಾರಣವಾದೀತೆ ಎಂಬ ಚರ್ಚೆಯು ತರ್ಕಶಾಸ್ತ್ರವನ್ನು ಓದಿದವರಿಗೆ ಹೊಸದಲ್ಲ. ಆದುದರಿಂದ ಈ ವಿಷಯವು ಮೇಲುನೋಟಕ್ಕೆ ಕೋಳಿ ಸಾಕುವವರದೂ ವೈದ್ಯರದೂ ಆಗಿ ಕಂಡರೂ ಶಾಸ್ತ್ರಾಭ್ಯಾಸಿಗಳ ಪರಿಶೀಲನೆಗೆ ತಕ್ಕುದೇ ಆಗಿದೆ.

ಮೊದಲು ಹೆಸರುಗಳ ವಿಚಾರ. ಸಾಲ್ಮೊನೆಲ್ಲಾ ಎಂಬುದು ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ನನ ಹೆಸರಿನಿಂದ ಬಂದದ್ದು. ಆದರೆ ೧೮೮೫ರಲ್ಲಿ ಹಂದಿಗಳ ದೇಹದಿಂದ ಈ ಜಾತಿಯ ಅಣುಜೀವಿಯನ್ನು ಬೇರ್ಪಡಿಸುವ ಕೆಲಸವನ್ನು ಮಾಡಿದವನು ಅವನ ಕೈಕೆಳಗಿನ ಥಿಯೋಬಾಲ್ಡ್ ಸ್ಮಿತ್. ಕೀರ್ತಿಯು ಯಜಮಾನನಿಗೆ ಸಂದಿತು. ಎಂಟೆರಿಟಿಡಿಸ್ ಎಂಬುದು ಕರುಳಿನ ಉರಿಯೂತವನ್ನು ಹೇಳುವ ಶಬ್ದದ ಷಷ್ಠೀ ಏಕವಚನ. ಗ್ಯಾಲಿನೇರಮ್ ಎಂದರೆ ‘ಹೇಂಟೆಗಳ’, ಪುಲ್ಲೋರಮ್ ಎಂದರೆ ‘ಮರಿಗಳ’. ಇವೆರಡೂ ಲ್ಯಾಟಿನ್ನಿನ ಷಷ್ಠೀ ಬಹುವಚನಗಳು. ಆ ಭಾಷೆಯ ‘ಆರುಮ್’ ಎಂಬ ಪ್ರತ್ಯಯವು ಸಂಸ್ಕೃತದ ‘ತಾಸಾಮ್’ ಎಂಬ ರೂಪದ ‘ಆಸಾಮ್’ ಭಾಗಕ್ಕೆ ಸೋದರವಾದುದೆಂದೂ, ಎರಡು ಸ್ವರಗಳ ನಡುವಣ ಸಕಾರವು ಲ್ಯಾಟಿನ್ನಿನಲ್ಲಿ ರೇಫವಾಯಿತೆಂದೂ ಭಾಷಾಶಾಸ್ತ್ರಜ್ಞರು ತೋರಿಸಿರುವರು. ಹೀಗೆ ಯಾರ ರೋಗ ಎಂಬ ಸಂಬಂಧಾರ್ಥವನ್ನು ಹೆಸರುಗಳೇ ಹೇಳುತ್ತವೆ: ಎರಡು ರೋಗಾಣುಗಳು ಕೋಳಿಗಳವು, ಒಂದು ಕರುಳುಬೇನೆಯದು.

ಕರುಳುಬೇನೆಯ ರೋಗಾಣುವನ್ನು ಕಂಡವನು ಜರ್ಮನಿಯ ಔಗುಸ್ಟ್ ಗೆರ್ಟ್ನರ್. ೧೮೮೮ರಲ್ಲಿ ಫ್ರಾಂಕೆನ್‌ಹೌಸೆನ್ ಎಂಬ ಊರಿನಲ್ಲಿ ರೋಗದಿಂದ ನರಳುತ್ತಿದ್ದ ಹಸುವೊಂದನ್ನು ಕಡಿದು ಅದರ ಮಾಂಸವನ್ನು ಮಾರಿದ್ದರು. ಅದನ್ನು ತಿಂದವರಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಬೇನೆಬಿದ್ದರು. ಹಸಿಮಾಂಸವನ್ನೇ ತಿಂದ ಒಬ್ಬನು ಸತ್ತನು. ಆ ಮಾಂಸದಲ್ಲಿಯೂ ಸತ್ತವನ ಗುಲ್ಮದಲ್ಲಿಯೂ ಒಂದೇ ಅಣುಜೀವಿ ಇರುವುದನ್ನು ಗೆರ್ಟ್ನರ್ ತೋರಿಸಿಕೊಟ್ಟನು. ಇಲ್ಲಿ ಕೋಳಿಯ ಪ್ರಸ್ತಾಪವೇ ಇಲ್ಲವೆಂಬುದು ಗಮನಾರ್ಹ. ಮರುವರ್ಷ, ೧೮೮೯ರಲ್ಲಿ, ಎಡ್ವರ್ಡ್ ಕ್ಲೈನ್ ಎಂಬವನು ಇಂಗ್ಲೆಂಡಿನ ಕೋಳಿಗಳ ಮಾರಿಯನ್ನು ಪರೀಕ್ಷಿಸಿ ಗ್ಯಾಲಿನೇರಮ್ ಎಂಬ ಹೆಸರನ್ನಿಟ್ಟನು. ಈತನೇ ೧೮೮೪ರಲ್ಲಿ ಕಾಲರಾ ವಿಚಾರಣೆಗಾಗಿ ಭಾರತಕ್ಕೆ ಬಂದಿದ್ದವನು. ೧೯೦೦ದ ಸುಮಾರಿಗೆ ಅಮೆರಿಕದ ಲಿಯೋ ರೆಟ್ಗರ್ ಎಂಬವನು ಎಳೆಮರಿಗಳನ್ನು ಬಿಳಿಯ ಭೇದಿಯಿಂದ ಕೊಲ್ಲುವ ರೋಗಾಣುವನ್ನು ವಿವರಿಸಿದನು, ಅದು ಪುಲ್ಲೋರಮ್. ಈ ಎರಡನ್ನು ಒಂದೇ ಪ್ರಭೇದದ ಎರಡು ಮುಖಗಳೆಂದು ಪರಿಗಣಿಸುವ ರೂಢಿ ಈಗ ಬಂದಿದೆ. ಪ್ರಕೃತ ಲೇಖನದಲ್ಲಿಯೂ ಗ್ಯಾಲಿನೇರಮ್ ಎಂದಾಗ ಎರಡನ್ನೂ ಗ್ರಹಿಸತಕ್ಕದ್ದು.

ಎಂಟೆರಿಟಿಡಿಸ್ಸಿಗೂ ಗ್ಯಾಲಿನೇರಮ್ಮಿಗೂ ಇರುವ ದಾಯಾದಿ ಸಂಬಂಧಕ್ಕೆ ಎರಡು ಬಗೆಯ ಪ್ರಮಾಣಗಳುಂಟು. ಮೊದಲನೆಯದು ಹೊರಮೈಯ ಲಕ್ಷಣ. ಇಂಗ್ಲೆಂಡಿನ ವೈಟ್ ಮತ್ತು ಕೋಪನ್‌ಹೇಗನ್ನಿನ ಕೌಫ್‌ಮನ್ ಎಂಬವರ ಹೆಸರಿನಿಂದ ೧೯೩೪ರಲ್ಲಿ ಪ್ರಕಟವಾದ ವರ್ಗೀಕರಣದಲ್ಲಿ ರೋಗಾಣುವಿನ ಮೈಮೇಲಿರುವ ದ್ರವ್ಯಗಳಿಗೆ ಅಂಕಗಳನ್ನು ಕೊಟ್ಟರು. ಈ ದ್ರವ್ಯಗಳನ್ನು ಗುರುತಿಸಿಯೇ ದೇಹವು ತನ್ನ ಪ್ರತೀಕಾರವನ್ನು ಸಿದ್ಧಪಡಿಸಿಕೊಳ್ಳುವುದು. ಇಂದು ಆ ಪಟ್ಟಿಯಲ್ಲಿ ೨,೫೦೦ಕ್ಕೂ ಹೆಚ್ಚು ಪ್ರಭೇದಗಳಿವೆ. ಎಂಟೆರಿಟಿಡಿಸ್, ಗ್ಯಾಲಿನೇರಮ್ ಎರಡರ ಮೈಮೇಲೂ ಒಂಬತ್ತನೆಯ ಅಂಕದ ಗುರುತೇ ಇದೆ. (ಮನುಷ್ಯರ ವಿಷಮಶೀತಜ್ವರದ ರೋಗಾಣುವೂ ಇದೇ ಗುರುತಿನದೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.)

ಎರಡನೆಯ ಪ್ರಮಾಣವು ೨೦೦೮ರಲ್ಲಿ ದೊರೆಯಿತು. ಆ ವರ್ಷ ಎರಡರ ವಂಶವಾಹಿಗಳನ್ನೂ ಅಕ್ಷರಶಃ ಓದಿ ಹೋಲಿಸಿದರು. ಈ ಕ್ರಮವು ಹಸ್ತಪ್ರತಿಗಳನ್ನು ಹೋಲಿಸಿ ಗ್ರಂಥಸಂಪಾದನೆ ಮಾಡುವವರಿಗೆ ಸುಲಭವಾಗಿ ಗ್ರಾಹ್ಯವಾದೀತು. ಒಂದು ಪ್ರತಿಯಲ್ಲಿ ಪಾಠವು ಶುದ್ಧವಾಗಿದ್ದು, ಮತ್ತೊಂದರಲ್ಲಿ ಅದೇ ಪಾಠವು ಅಲ್ಲಲ್ಲಿ ಅಕ್ಷರಲೋಪದಿಂದಲೂ ಲಿಪಿಕಾರನ ಪ್ರಮಾದದಿಂದಲೂ ಅರ್ಥಹೀನವಾಗಿದ್ದರೆ, ಎರಡನೆಯದು ಮೊದಲನೆಯದರ ವಂಶದಲ್ಲಿ ಈಚೆಗೆ ಹುಟ್ಟಿದ ಪ್ರತಿಯೆಂದು ಊಹಿಸುವುದು ವಾಡಿಕೆ. ಗ್ಯಾಲಿನೇರಮ್ಮಿನಲ್ಲಿ ಹೀಗೆ ಕೆಟ್ಟುಹೋದ ವಂಶವಾಹಿಗಳು ಹೇರಳವಾಗಿವೆ. ಅದು ಈಜುವ ಬಾಲವನ್ನು ಕಳೆದುಕೊಂಡಿದೆ. ಇತರ ಪ್ರಾಣಿಗಳ ಕರುಳಿನಲ್ಲಿ ಬಾಳುವ ಸಾಮರ್ಥ್ಯವನ್ನೂ ಬಹುಮಟ್ಟಿಗೆ ತೊರೆದಿದೆ. ಪಕ್ಷಿದೇಹದ ಹೊರತು ಅದಕ್ಕೆ ಬೇರೆ ಆಶ್ರಯವಿಲ್ಲವೆಂದರೂ ಸಲ್ಲುತ್ತದೆ. ಎಂಟೆರಿಟಿಡಿಸ್ಸಿನ ವಂಶದಿಂದ ಈಚೆಗೆ ಕವಲೊಡೆದ ಶಾಖೆ ಅದೆಂಬುದು ಪರೀಕ್ಷಕರ ನಿರ್ಣಯ. ಎಂಟೆರಿಟಿಡಿಸ್ಸಾದರೋ ಇಲಿ, ಹಸು, ಕೋಳಿ, ಮನುಷ್ಯ ಎಂಬ ಭೇದವಿಲ್ಲದೆ ಎಲ್ಲೆಡೆಯೂ ಬಿಡಾರ ಹೂಡಬಲ್ಲುದು. ಮುಂದಿನ ಕಥೆಯೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ಗ್ಯಾಲಿನೇರಮ್ಮು ಕೋಳಿಸಾಕಣೆಯ ಪರಮಶತ್ರುವಾಗಿತ್ತು. ಪುಲ್ಲೋರಮ್ ತಗುಲಿದ ಹೇಂಟೆಯು ತಾನು ಬದುಕುಳಿದು ತನ್ನ ಮೊಟ್ಟೆಯ ಮೂಲಕವೇ ಮರಿಗಳಿಗೆ ರೋಗವನ್ನು ಕೊಡುತ್ತಿತ್ತು. ಹಾಗೆ ಹುಟ್ಟಿದ ಮರಿಗಳಲ್ಲಿ ಬಹುಪಾಲು ಮೊದಲ ಕೆಲವು ವಾರಗಳಲ್ಲಿಯೇ ಸಾಯುವುದು ಸಾಮಾನ್ಯವಾಗಿತ್ತು. ಹೊರನೋಟಕ್ಕೆ ಸ್ವಸ್ಥವಾಗಿ ಕಾಣುವ ಇಂತಹ ಹೇಂಟೆಯನ್ನು ರಕ್ತಪರೀಕ್ಷೆಯಿಂದ ಕಂಡುಹಿಡಿಯುವ ವಿಧಾನವು ೧೯೧೩ರಲ್ಲಿ ಬಂದಿತು. ರೋಗಾಣುವಿನ ದ್ರಾವಣದೊಡನೆ ರಕ್ತವನ್ನು ಬೆರೆಸಿದಾಗ ಗರಣೆಗಟ್ಟಿದರೆ ಆ ಹೇಂಟೆ ರೋಗವಾಹಿನಿ. ಅಮೆರಿಕದಲ್ಲಿ ೧೯೩೫ರಲ್ಲಿ ಇದಕ್ಕಾಗಿ ರಾಷ್ಟ್ರೀಯ ಯೋಜನೆಯೇ ಏರ್ಪಟ್ಟಿತು. ಗರಣೆಗಟ್ಟಿದ ಹೇಂಟೆಗಳನ್ನೆಲ್ಲ ಕೊಂದು, ಶುದ್ಧವಾದ ಹಿಂಡುಗಳಿಂದ ಮಾತ್ರ ಮರಿ ಮಾಡಿಸುತ್ತ ಹೋದರು. ೧೯೭೦ರ ದಶಕದ ವೇಳೆಗೆ ಅಮೆರಿಕ, ಇಂಗ್ಲೆಂಡುಗಳ ವಾಣಿಜ್ಯ ಕೋಳಿಸಾಕಣೆಯಲ್ಲಿ ಈ ರೋಗವು ಹೆಸರಿಲ್ಲದಂತಾಯಿತು. ರೋಗಾಣುವಿಗೆ ಬೇರೆ ಆಶ್ರಯವಿಲ್ಲದಿದ್ದುದರಿಂದಲೇ ಈ ವಿಜಯವು ಸಾಧ್ಯವಾದುದು. ಪಶುವೈದ್ಯಶಾಸ್ತ್ರದ ದೊಡ್ಡ ಗೆಲುವುಗಳಲ್ಲಿ ಇದನ್ನು ಗಣಿಸುವುದು ನ್ಯಾಯವೇ ಆಗಿದೆ.

ಆ ಗೆಲುವಿನ ಬೆನ್ನಿಗೇ ಮೊಟ್ಟೆಯ ಪ್ರಕರಣ ಆರಂಭವಾಯಿತು. ಅಮೆರಿಕದ ಈಶಾನ್ಯ ಪ್ರಾಂತಗಳಲ್ಲಿ ೧೯೮೫ರ ಜನವರಿಯಿಂದ ೧೯೮೭ರ ಮೇ ವರೆಗೆ ಎಂಟೆರಿಟಿಡಿಸ್ಸಿನಿಂದ ೬೫ ಕಡೆ ಜನರು ಗುಂಪುಗುಂಪಾಗಿ ಬೇನೆಬಿದ್ದರು. ಅವುಗಳಲ್ಲಿ ಯಾವ ಆಹಾರದಿಂದ ರೋಗ ಬಂದಿತೆಂಬುದು ತಿಳಿದುಬಂದುದು ೩೫ ಕಡೆ. ಆ ೩೫ರಲ್ಲಿ ೨೭ ಕಡೆ ಮೊಟ್ಟೆಯೇ ಮೂಲವಾಗಿತ್ತು. ಒಡೆದ ಅಥವಾ ಕೊಳಕು ಮೊಟ್ಟೆಗಳಲ್ಲ, ಉತ್ತಮ ದರ್ಜೆಯವೆಂದು ಮುದ್ರೆ ಪಡೆದವು. ರೋಗಾಣುವು ಹೇಂಟೆಯ ಅಂಡಾಶಯದಲ್ಲಿದ್ದು, ಚಿಪ್ಪು ಕಟ್ಟುವ ಮೊದಲೇ ಒಳಸೇರುತ್ತಿದ್ದುದರಿಂದ ತೊಳೆಯುವುದರಿಂದ ಪ್ರಯೋಜನವಿರಲಿಲ್ಲ. ಹೇಂಟೆಯಲ್ಲಿ ರೋಗದ ಚಿಹ್ನೆಯೂ ಇಲ್ಲ. ಅಮೆರಿಕದಲ್ಲಿ ಸುಮಾರು ೨೦,೦೦೦ ಮೊಟ್ಟೆಗಳಿಗೆ ಒಂದರಲ್ಲಿ ಮಾತ್ರ ರೋಗಾಣುವಿದ್ದಿರಬೇಕೆಂದು ಅನಂತರದ ಗಣನೆಗಳು ಹೇಳುತ್ತವೆ. ಆದರೆ ಸಾವಿರಾರು ಮೊಟ್ಟೆಗಳನ್ನು ಒಂದೇ ಪಾತ್ರೆಗೆ ಒಡೆದು ಸುರಿಯುವ ಕಾಲದಲ್ಲಿ ಒಂದು ಮೊಟ್ಟೆಯ ದೋಷವು ಒಂದರಲ್ಲಿಯೇ ನಿಲ್ಲದು. ೧೯೯೪ರಲ್ಲಿ ಹಸಿಮೊಟ್ಟೆಯ ದ್ರವವನ್ನು ಸಾಗಿಸಿದ ಟ್ಯಾಂಕರುಗಳಲ್ಲಿಯೇ ಐಸ್‌ಕ್ರೀಮಿನ ಮಿಶ್ರಣವನ್ನೂ ಸಾಗಿಸಿದ್ದರಿಂದ ಅಮೆರಿಕದಲ್ಲಿ ೨,೨೪,೦೦೦ ಮಂದಿ ಬೇನೆಬಿದ್ದರೆಂದು ಅಂದಾಜು. ಇಂಗ್ಲೆಂಡಿನಲ್ಲಿ ಆರೋಗ್ಯಖಾತೆಯ ಉಪಮಂತ್ರಿಣಿಯಾಗಿದ್ದ ಎಡ್ವಿನಾ ಕರಿ ೧೯೮೮ರ ಡಿಸೆಂಬರ್ ೩ರಂದು ದೇಶದ ಮೊಟ್ಟೆಯ ಉತ್ಪನ್ನದಲ್ಲಿ ಬಹುಭಾಗ ಸಾಲ್ಮೊನೆಲ್ಲಾದಿಂದ ದೂಷಿತವಾಗಿದೆಯೆಂದು ಹೇಳಿ, ಮೊಟ್ಟೆಯ ವ್ಯಾಪಾರ ಕುಸಿದುಬೀಳಲು, ಅದೇ ತಿಂಗಳ ೧೬ರಂದು ಪದತ್ಯಾಗ ಮಾಡಬೇಕಾಯಿತು. ಆಕೆಯ ಮಾತು ಅತ್ಯುಕ್ತಿಯಾದರೂ ನಿರ್ಮೂಲವಾಗಿರಲಿಲ್ಲ.

ಇನ್ನು ಸಿದ್ಧಾಂತವಿಚಾರ. ಬಾಯ್ಮ್ಲರ್, ಹಾರ್ಗಿಸ್, ಸೋಲಿಸ್ ಎಂಬ ಮೂವರು ೨೦೦೦ದಲ್ಲಿ ಮಂಡಿಸಿದ ವಾದವಿದು. ಒಂದು ಹಿಂಡಿನಲ್ಲಿ ಗ್ಯಾಲಿನೇರಮ್ಮು ನೆಲಸಿದ್ದಾಗ ಆ ಕೋಳಿಗಳ ದೇಹವು ಒಂಬತ್ತನೆಯ ಗುರುತಿನ ವಿರುದ್ಧ ಪ್ರತೀಕಾರಶಕ್ತಿಯನ್ನು ಪಡೆದಿರುತ್ತದೆ. ಅದೇ ಗುರುತಿನ ಎಂಟೆರಿಟಿಡಿಸ್ಸು ಬಂದರೆ ಅದಕ್ಕೂ ಬಾಗಿಲು ಮುಚ್ಚಿಯೇ ಇರುತ್ತದೆ. ಎರಡು ರೋಗಾಣುಗಳು ಎದುರುಬದುರಾಗಿ ಹೋರಾಡುವುದಿಲ್ಲ. ಅವು ಒಂದನ್ನೊಂದು ಕಾಣಲೂ ಬೇಕಿಲ್ಲ. ಮೊದಲು ಬಂದವನು ಬಿಟ್ಟುಹೋದ ನೆನಪೇ ಎರಡನೆಯವನನ್ನು ಹೊರಗಟ್ಟುತ್ತದೆ. ಒಂದೇ ಆಸ್ತಿಗೆ ಇಬ್ಬರು ದಾಯಾದಿಗಳಿದ್ದು ಒಬ್ಬನ ಸ್ವಾಧೀನದಲ್ಲಿರುವಷ್ಟು ಕಾಲ ಮತ್ತೊಬ್ಬನಿಗೆ ಪ್ರವೇಶವಿಲ್ಲದಂತೆ ಇದು. ಗ್ಯಾಲಿನೇರಮ್ಮನ್ನು ನಿರ್ಮೂಲ ಮಾಡಿದಾಗ ಹಿಂಡುಗಳ ಆ ನೆನಪೂ ಅಳಿಯಿತು. ಇಲಿಗಳಲ್ಲಿ ಅಡಗಿದ್ದ ಎಂಟೆರಿಟಿಡಿಸ್ಸು ಕೋಳಿಮನೆಯನ್ನು ಹೊಕ್ಕಿತು.

ಇಲಿಗಳ ಮಾತು ಬಂದುದರಿಂದ ಒಂದು ವಿಚಿತ್ರವಾದ ಪ್ರಕರಣವನ್ನು ಇಲ್ಲಿ ಹೇಳಬೇಕು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಡಾನಿಷ್ ಎಂಬ ಪೋಲಿಷ್ ಮೂಲದ ವಿದ್ವಾಂಸನು ೧೯೦೦ದಲ್ಲಿ ಇಲಿಗಳನ್ನು ಕೊಲ್ಲುವ ಅಣುಜೀವಿಯೊಂದನ್ನು ಪ್ರಕಟಿಸಿದನು. ಅದು ಇದೇ ಎಂಟೆರಿಟಿಡಿಸ್. ಇಂತಹ ರೋಗಾಣುಗಳನ್ನು ಧಾನ್ಯದಲ್ಲಿಯೋ ರೊಟ್ಟಿಯ ಚೂರಿನಲ್ಲಿಯೋ ಬೆರೆಸಿ ಯೂರೋಪಿನ ಉಗ್ರಾಣಗಳಲ್ಲಿಯೂ ಹೊಲಗಳಲ್ಲಿಯೂ ಇಲಿಪಾಷಾಣದಂತೆ ಹರಡಿದರು. ಅದರಿಂದ ಮನುಷ್ಯರೂ ಬೇನೆಬಿದ್ದರು, ಕೆಲವರು ಸತ್ತರು. ಇಲಿಗಳೋ ಸಾಯುವಷ್ಟು ಸತ್ತು, ಉಳಿದವು ರೋಗಾಣುವನ್ನು ಹೊತ್ತುಕೊಂಡು ಬದುಕಿದವು. ಹೀಗೆ ಬಿತ್ತಿದ್ದೇ ಮುಂದೆ ಕೋಳಿಮನೆಗೆ ಬಂದಿತೆಂದು ಸಾಧಿಸಲು ಪ್ರಮಾಣವಿಲ್ಲ. ಆದರೆ ಕೋಳಿಯೊಂದೇ ಆಶ್ರಯವಾಗಿದ್ದ ದಾಯಾದಿಯನ್ನು ಕೊಂದು ಮುಗಿಸಬಹುದಾಗಿದ್ದಂತೆ ಇದನ್ನು ಮುಗಿಸಲಾಗದು ಎಂಬ ಅಂಶವು ಇದರಿಂದ ಸ್ಪಷ್ಟಪಡುತ್ತದೆ.

ಈ ವಾದಕ್ಕೆ ಏಳುವ ಮೊದಲ ಆಕ್ಷೇಪವು ಕಾಕತಾಳೀಯ ನ್ಯಾಯದ್ದು. ಒಂದು ರೋಗ ಹೋಯಿತು, ಮತ್ತೊಂದು ಬಂದಿತು. ಅಷ್ಟರಿಂದ ಮೊದಲನೆಯದರ ನಿರ್ಗಮನವೇ ಎರಡನೆಯದರ ಆಗಮನಕ್ಕೆ ಕಾರಣವೆಂದು ಹೇಳಲಾದೀತೆ? ಸಿದ್ಧಾಂತಿಗಳ ಸಮಾಧಾನವು ಚತುರವಾಗಿದೆ. ಆ ಕಾಲದಲ್ಲಿ ಪಶ್ಚಿಮ ಯೂರೋಪಿನಲ್ಲಿ ಹರಡಿದ ಎಂಟೆರಿಟಿಡಿಸ್ಸಿನ ಮುಖ್ಯ ಬಗೆಯು ನಾಲ್ಕನೆಯ ಸಂಖ್ಯೆಯದು; ಅಮೆರಿಕದಲ್ಲಿ ಹರಡಿದ್ದು ಎಂಟನೆಯ ಸಂಖ್ಯೆಯದೇ ಮೊದಲಾದವು. ಅಲ್ಲಿಯದು ಇಲ್ಲಿಗೆ ಬಂದುದಲ್ಲ, ಇಲ್ಲಿಯದು ಅಲ್ಲಿಗೆ ಹೋದುದಲ್ಲ. ಬೇರೆಬೇರೆ ಬೀಜಗಳು ಎರಡು ಖಂಡಗಳಲ್ಲಿ ಸರಿಸುಮಾರು ಒಂದೇ ಕಾಲದಲ್ಲಿ ಮೊಳೆತಿದ್ದರೆ ಎರಡು ಹೊಲಗಳಲ್ಲಿಯೂ ನೆಲ ಒಂದೇ ಬಗೆಯಾಗಿ ಹದಗೊಂಡಿದ್ದಿರಬೇಕು. ಆ ಹದವೇ ಗ್ಯಾಲಿನೇರಮ್ಮಿನ ಅಭಾವ ಎಂಬುದು ಅವರ ಯುಕ್ತಿ.

ಇದಕ್ಕಿಂತ ಬಲವಾದ ಪ್ರಮಾಣವು ಒಂದು ಲಸಿಕೆಯಿಂದ ದೊರೆಯಿತು. ಇಂಗ್ಲೆಂಡಿನ ವಿಲಿಯಮ್ಸ್ ಸ್ಮಿತ್ ೧೯೫೬ರಲ್ಲಿ ಗ್ಯಾಲಿನೇರಮ್ಮನ್ನೇ ಬಲಗುಂದಿಸಿ ಒಂದು ಸಜೀವ ಲಸಿಕೆಯನ್ನು ಪ್ರಕಟಿಸಿದ್ದನು. ಅದರ ಸಂಕೇತ ‘ಒಂಬತ್ತು ಆರ್’. ಉದ್ದೇಶ ಕೋಳಿಗಳ ವಿಷಮಜ್ವರದ ನಿವಾರಣೆ. ನೆದರ್ಲೆಂಡ್ಸಿನಲ್ಲಿ ಅದನ್ನು ಎಂಟೆರಿಟಿಡಿಸ್ಸಿನ ವಿರುದ್ಧ ೮೦ ಹಿಂಡುಗಳಲ್ಲಿ ಪ್ರಯೋಗಿಸಿ ೨೦೦೧ರಲ್ಲಿ ಫಲವನ್ನು ಪ್ರಕಟಿಸಿದರು. ಲಸಿಕೆ ಪಡೆದ ಹಿಂಡುಗಳಲ್ಲಿ ನೂರಕ್ಕೆ ೨.೫ರಷ್ಟು, ಪಡೆಯದವುಗಳಲ್ಲಿ ನೂರಕ್ಕೆ ೧೧.೫ರಷ್ಟು ಎಂಟೆರಿಟಿಡಿಸ್ಸಿನ ಸೋಂಕು ಕಂಡಿತು. ಗ್ಯಾಲಿನೇರಮ್ಮು ಇದ್ದರೆ ಎಂಟೆರಿಟಿಡಿಸ್ಸಿಗೆ ತಡೆಯುಂಟು ಎಂಬುದು ಇಲ್ಲಿ ಊಹೆಯಾಗಿ ಉಳಿಯದೆ ಕೋಳಿಮನೆಯಲ್ಲಿಯೇ ಪ್ರತ್ಯಕ್ಷವಾಯಿತು.

ಆದರೆ ೨೦೨೧ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆಯು ಚರ್ಚೆಯ ದಿಕ್ಕನ್ನೇ ಬೇರೆಡೆಗೆ ತಿರುಗಿಸಿತು. ೧೯೪೯ರಿಂದ ೨೦೨೦ರ ವರೆಗೆ ೯೮ ದೇಶಗಳಲ್ಲಿ ಸಂಗ್ರಹಿಸಿದ ೩೦,೦೦೦ಕ್ಕೂ ಮಿಕ್ಕ ಎಂಟೆರಿಟಿಡಿಸ್ಸುಗಳ ವಂಶವಾಹಿಗಳನ್ನು ಹೋಲಿಸಿ, ಜೀವಂತ ಕೋಳಿಗಳ ಅಂತಾರಾಷ್ಟ್ರೀಯ ವ್ಯಾಪಾರದ ಲೆಕ್ಕಗಳೊಡನೆ ತಾಳೆನೋಡಿದರು. ಜಗತ್ತಿನ ವಾಣಿಜ್ಯ ಕೋಳಿಗಳೆಲ್ಲ ಕೆಲವೇ ಕೇಂದ್ರಗಳ ತಳಿಕೋಳಿಗಳ ಸಂತಾನ. ಆ ತಳಿಕೋಳಿಗಳಿಗೆ ತಗುಲಿದ ರೋಗಾಣುವು ಮೊಟ್ಟೆಯ ಮೂಲಕ ಮರಿಗೂ, ಮರಿಯ ಮೂಲಕ ದೇಶಾಂತರಕ್ಕೂ ಸಾಗಿತು ಎಂಬುದು ಇವರ ನಿರ್ಣಯ. ಮೂಲಪ್ರತಿಯೊಂದರಲ್ಲಿದ್ದ ದೋಷವು ಅದನ್ನು ನೋಡಿ ಬರೆದ ಪ್ರತಿಗಳಿಗೆಲ್ಲ ಹರಿದು, ಆ ಪ್ರತಿಗಳು ಊರೂರಿಗೆ ಹಂಚಿಹೋದಂತೆ. ಹಾಗಾದರೆ ಎರಡು ಖಂಡಗಳ ಏಕಕಾಲಿಕತೆಗೆ ತೆರವಾದ ಮನೆಯ ಕಲ್ಪನೆ ಬೇಕಿಲ್ಲ; ಮೂಲದಿಂದ ಹೊರಟ ಸರಕು ಎರಡೂ ಕಡೆ ತಲುಪಿತೆಂದರೆ ಸಾಕು.

ಇಲ್ಲಿ ತರ್ಕಶಾಸ್ತ್ರದ ಹಳೆಯ ಚರ್ಚೆಯೊಂದು ಸ್ಮರಣಾರ್ಹ. ಬೆಂಕಿಯು ಸುಡುತ್ತದೆ, ಆದರೆ ಚಂದ್ರಕಾಂತವೆಂಬ ಮಣಿಯು ಬಳಿಯಲ್ಲಿದ್ದರೆ ಸುಡುವುದಿಲ್ಲವೆಂದು ಪ್ರಸಿದ್ಧಿ. ಮಣಿಯು ಬೆಂಕಿಯ ಶಕ್ತಿಯನ್ನೇ ನಾಶಮಾಡುತ್ತದೆಯೆಂದು ಮೀಮಾಂಸಕರು ಹೇಳಿದರು. ಶಕ್ತಿಯೆಂಬ ಬೇರೆ ಪದಾರ್ಥವು ಬೇಡ, ಮಣಿಯ ಅಭಾವವೂ ದಾಹಕ್ಕೆ ಒಂದು ಕಾರಣವೆಂದರೆ ಸಾಕು ಎಂದು ನೈಯಾಯಿಕರು ಉತ್ತರವಿತ್ತರು. ಸಿದ್ಧಾಂತಮುಕ್ತಾವಳಿಯನ್ನು ಓದಿದ ವಿದ್ಯಾರ್ಥಿಗಳೆಲ್ಲರೂ ಇದನ್ನು ಬಲ್ಲರು. ೨೦೦೦ದ ವಾದವು ಕೋಳಿಮನೆಯಲ್ಲಿ ಈ ಪ್ರತಿಬಂಧಕಾಭಾವವನ್ನೇ ತೋರಿಸಿತು. ಆದರೆ ಮಣಿಯನ್ನು ತೆಗೆದಮಾತ್ರಕ್ಕೆ ಬೆಂಕಿ ಹುಟ್ಟುವುದಿಲ್ಲ. ಬೆಂಕಿಯನ್ನು ಯಾರಾದರೂ ತರಬೇಕು. ೨೦೨೧ರ ಸಂಶೋಧನೆಯು ಬೆಂಕಿ ತಂದವರಾರೆಂಬುದನ್ನು ಹೇಳುತ್ತದೆ. ಆದುದರಿಂದ ಇವೆರಡನ್ನು ಪರಸ್ಪರ ವಿರುದ್ಧಪಕ್ಷಗಳೆಂದು ಎಣಿಸುವುದು ಸರಿಯಾಗಿ ತೋರುವುದಿಲ್ಲ. ಎರಡಕ್ಕೂ ಸಮಾನ ಬಲವುಂಟೆಂದು ಹೇಳುವುದೂ ಸಾಧುವಲ್ಲ. ರೋಗಾಣುವು ಬಂದ ದಾರಿಗೆ ಸಾವಿರಾರು ಸಾಕ್ಷಿಗಳಿವೆ. ದಾಯಾದಿಯ ಅಭಾವವು ಹಿಂಡುಗಳನ್ನು ರಕ್ಷಣೆಯಿಲ್ಲದವನ್ನಾಗಿ ಮಾಡಿತೆಂಬುದಕ್ಕೆ ಲಸಿಕೆಯ ಸಾಕ್ಷ್ಯವಿದೆ. ಆದರೆ ಆ ಅಭಾವವಿಲ್ಲದಿದ್ದರೆ ಮೊಟ್ಟೆಯ ಮಾರಿ ಬರುತ್ತಲೇ ಇರಲಿಲ್ಲವೆಂಬ ವ್ಯತಿರೇಕವನ್ನು ತೋರಿಸಿದವರಿಲ್ಲ.

ಇದಕ್ಕೆ ಸೇರಿಸಿ ಪರಿಶೀಲಿಸಬೇಕಾದ ಮತ್ತೊಂದು ಸಂಗತಿಯುಂಟು. ಗ್ಯಾಲಿನೇರಮ್ಮಿಗಾಗಿ ಮಾಡುತ್ತಿದ್ದ ರಕ್ತಪರೀಕ್ಷೆಯಲ್ಲಿ ಎಂಟೆರಿಟಿಡಿಸ್ ತಗುಲಿದ ಹೇಂಟೆಯ ರಕ್ತವೂ ಗರಣೆಗಟ್ಟುತ್ತದೆ, ಗುರುತು ಒಂದೇ ಆದುದರಿಂದ. ಎಂದರೆ ಪರೀಕ್ಷಿಸಿ ಕೊಲ್ಲುವ ಕ್ರಮವು ಉತ್ಸಾಹದಿಂದ ನಡೆದಷ್ಟು ಕಾಲವೂ ತಿಳಿಯದೆಯೇ ಇಬ್ಬರು ದಾಯಾದಿಗಳಿಗೂ ಅದು ಮೃತ್ಯುವಾಗಿದ್ದಿರಬೇಕು. ಪ್ರತಿಬಂಧಕವಾಗಿದ್ದುದು ರೋಗಾಣುವೋ, ರೋಗಾಣುವನ್ನು ಹುಡುಕುತ್ತಿದ್ದ ಪರೀಕ್ಷೆಯೋ ಎಂಬ ಸಂದೇಹಕ್ಕೆ ಇದರಿಂದ ಎಡೆಯಾಗುತ್ತದೆ. ೨೦೦೦ದ ವಾದವನ್ನು ಉದಾಹರಿಸುವವರು ಈ ವಿಕಲ್ಪಕ್ಕೆ ಕೊಡಬೇಕಾದಷ್ಟು ಗಮನವನ್ನು ಕೊಟ್ಟಂತೆ ಕಾಣುವುದಿಲ್ಲ.

ಭಾರತದ ಕೋಳಿಗಳಲ್ಲಿ ಗ್ಯಾಲಿನೇರಮ್ಮು ನಿರ್ಮೂಲವಾಗಿಲ್ಲ, ಎಂಟೆರಿಟಿಡಿಸ್ಸೂ ಉಂಟು. ಇದರಿಂದ ಸ್ಪರ್ಧೆಯ ವಾದವು ಬಿದ್ದುಹೋಯಿತೆಂದು ಕೆಲವರಿಗೆ ತೋರಬಹುದು. ಅದು ಯುಕ್ತವಲ್ಲ. ಸ್ಪರ್ಧೆಯ ರಂಗವು ದೇಶವಲ್ಲ, ಹಿಂಡು. ಒಂದೇ ಊರಿನ ಎರಡು ಮನೆಗಳಲ್ಲಿ ಇಬ್ಬರು ದಾಯಾದಿಗಳು ಬೇರೆಬೇರೆಯಾಗಿ ಬಾಳುವುದಕ್ಕೆ ಅಡ್ಡಿಯಿಲ್ಲ.

ಇಂಗ್ಲೆಂಡಿನಲ್ಲಿ ೧೯೯೦ರ ದಶಕದಲ್ಲಿ ತಳಿಕೋಳಿಗಳಿಗೂ, ಅನಂತರ ಮೊಟ್ಟೆಯಿಡುವ ಹೇಂಟೆಗಳಿಗೂ ಎಂಟೆರಿಟಿಡಿಸ್ಸಿನ ಲಸಿಕೆ ಹಾಕತೊಡಗಿದರು. ೧೯೯೮ರಿಂದ ಲಸಿಕೆ ಪಡೆದ ಹಿಂಡುಗಳ ಮೊಟ್ಟೆಗೆ ಸಿಂಹಮುದ್ರೆಯನ್ನು ಒತ್ತುವ ಪದ್ಧತಿ ಬಂದಿತು. ರೋಗವು ಬಹುವಾಗಿ ಇಳಿಯಿತು. ಸಿಂಹಮುದ್ರೆಯ ಮೊಟ್ಟೆಯನ್ನು ಅರೆಬೆಂದುದಾದರೂ ಗರ್ಭಿಣಿಯರೂ ಮಕ್ಕಳೂ ವೃದ್ಧರೂ ತಿನ್ನಬಹುದೆಂದು ೨೦೧೭ರಲ್ಲಿ ಸರ್ಕಾರದ ಆಹಾರಸಂಸ್ಥೆಯು ಹೇಳಿತು. ಒಂಬತ್ತನೆಯ ಗುರುತಿನ ವಿರುದ್ಧ ಹಿಂಡುಗಳಿಗೆ ಹಿಂದೆ ರೋಗದಿಂದ ದೊರೆಯುತ್ತಿದ್ದ ನೆನಪನ್ನು ಈಗ ಲಸಿಕೆಯಿಂದ ಮರಳಿ ಕೊಟ್ಟಂತಾಯಿತು.

ಆದರೆ ಯೂರೋಪಿನ ಮಾಂಸದ ಕೋಳಿಗಳಲ್ಲಿ ಈಗ ಹೆಚ್ಚಾಗಿ ಕಂಡುಬರುತ್ತಿರುವುದು ಇನ್‌ಫ್ಯಾಂಟಿಸ್ ಎಂಬ ಬೇರೊಂದು ಪ್ರಭೇದ. ಅದರ ಗುರುತು ಆರು ಮತ್ತು ಏಳನೆಯ ಅಂಕಗಳದು. ಒಂಬತ್ತರ ನೆನಪು ಅದನ್ನು ತಡೆಯಲಾರದು. ಇದೇ ಇನ್‌ಫ್ಯಾಂಟಿಸ್ಸು ೧೯೭೧ರಲ್ಲಿ ಫಿನ್‌ಲೆಂಡಿನ ಕೋಳಿಗಳಲ್ಲಿ ಹರಡಿದಾಗ ನುರ್ಮಿ ಮತ್ತು ರಂತಲ ಎಂಬವರು ಬೆಳೆದ ಕೋಳಿಯ ಕರುಳಿನ ದ್ರವ್ಯವನ್ನು ಆಗತಾನೆ ಹುಟ್ಟಿದ ಮರಿಗಳಿಗೆ ಕುಡಿಸಿ, ನಿರುಪದ್ರವಿಗಳಾದ ನಾನಾ ಅಣುಜೀವಿಗಳು ಮೊದಲೇ ಕರುಳನ್ನು ಆಕ್ರಮಿಸಿಕೊಂಡರೆ ಸಾಲ್ಮೊನೆಲ್ಲಾಗಳಿಗೆ ಅಲ್ಲಿ ಸ್ಥಳ ಸಿಕ್ಕದೆಂಬುದನ್ನು ೧೯೭೩ರಲ್ಲಿ ಪ್ರಕಟಿಸಿದ್ದರು. ಆ ಕ್ರಮಕ್ಕೆ ಗುರುತಿನ ಅಂಕ ಯಾವುದಾದರೂ ಒಂದೇ.